ಒಂದು ಅಂಕದ ರಕ್ತನಾಳ

ಗೈಡ್ ಅಚ್ಚು ಹಾಕುವ ಆ ಕಚೇರಿಯಲ್ಲಿ ಯಜಮಾನರಿಂದ ಹಿಡಿದು ಕಸ ಗುಡಿಸುವ ಹೆಂಗಸಿನವರೆಗೆ ಎಲ್ಲರೂ ಅವಳನ್ನು ಮಿಸ್ ಅನ್ನುತ್ತಿದ್ದರು. ಅವಳು ಶಾಲೆಯಲ್ಲಿ ಪಾಠ ಮಾಡಿದ್ದು ಮೂರೇ ವರ್ಷ, ಅದೂ ವಿಜ್ಞಾನ ಮಾತ್ರ. ಮಕ್ಕಳು ಸಾಲದೆ ಆ ಶಾಲೆ ಮುಚ್ಚಿತು, ಹೆಸರು ಅಂಟಿಕೊಂಡು ಬಂತು. ಆಮೇಲೆ ಹನ್ನೊಂದು ವರ್ಷದಿಂದ ಹತ್ತನೇ ತರಗತಿಯ ಮಕ್ಕಳಿಗಾಗಿ ಉತ್ತರ ಬರೆಯುತ್ತಿದ್ದಳು. ವಿಜ್ಞಾನ, ಗಣಿತ, ಇತಿಹಾಸ, ಭೂಗೋಳ, ವ್ಯಾಕರಣ, ರಜೆ ಕೇಳುವ ಪತ್ರ, ಎಲ್ಲವೂ ಅವಳದೇ ಕೈ. ಗೈಡಿನ ಮೊದಲ ಪುಟದಲ್ಲಿ ಮಾತ್ರ ‘ಅನುಭವಿ ಶಿಕ್ಷಕರ ತಂಡದಿಂದ’ ಎಂದು ಅಚ್ಚಾಗುತ್ತಿತ್ತು. ತಂಡದಲ್ಲಿ ಇನ್ಯಾರಿದ್ದಾರೆ ಎಂದು ಯಾರಾದರೂ ಕೇಳಿದರೆ ಅವಳು ತನ್ನ ಎರಡು ಕನ್ನಡಕಗಳನ್ನು ತೋರಿಸುತ್ತಿದ್ದಳು. ಒಂದು ಓದೋದಕ್ಕೆ, ಒಂದು ದೂರಕ್ಕೆ.

ಕಚೇರಿ ಇದ್ದದ್ದು ಒಂದು ಟೈರ್ ಅಂಗಡಿಯ ಮೇಲೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನೆಲ ನಡುಗುತ್ತಿತ್ತು, ಬರೆಯುವ ಅಕ್ಷರ ಸೊಟ್ಟಗಾಗುತ್ತಿತ್ತು. ಮೂರು ಮೇಜು: ಒಂದು ಅವಳದು, ಒಂದು ಅಕ್ಷರ ಜೋಡಿಸುವ ಟೈಪಿಸ್ಟ್ ಅಣ್ಣನದು, ಮೂರನೆಯದರ ಮೇಲೆ ಹಳೇ ಪ್ರಶ್ನೆಪತ್ರಿಕೆಗಳ ಗುಡ್ಡ. ಗುಡ್ಡದ ಪಕ್ಕದಲ್ಲಿ ಒಂದು ಹಳೇ ಫೋನು. ಯಾರ ನಂಬರಿನಿಂದ ಕರೆ ಬಂತು ಅಂತಲೂ ತೋರಿಸದಂಥದ್ದು. ಅದರ ನಂಬರು ಪ್ರತಿ ಗೈಡಿನ ಹಿಂಬದಿಯಲ್ಲಿ ಇತ್ತು. ‘ಸಂದೇಹವೇ? ಬೆಳಿಗ್ಗೆ ಹತ್ತರಿಂದ ಐದರವರೆಗೆ ಕರೆ ಮಾಡಿ.’

ಪರೀಕ್ಷೆ ಹತ್ತಿರ ಬಂದರೆ ಆ ಫೋನು ಅವಳ ತಲೆ ತಿನ್ನುತ್ತಿತ್ತು. ಸಂದೇಹ ಕೇಳುವವರು ನೂರಕ್ಕೆ ಹತ್ತು. ಉಳಿದವರದೆಲ್ಲ ಒಂದೇ ಮಾತು.

“ಮಿಸ್, ಇದು ಬರುತ್ತಾ?”

“ಬರಬಹುದು, ಓದ್ಕೊ.”

“ಬರುತ್ತೆ ಅಂತ ಗ್ಯಾರಂಟಿ ಇದ್ರೆ ಮಾತ್ರ ಓದ್ತೀನಿ ಮಿಸ್.”

ಇನ್ನೊಬ್ಬ ಹುಡುಗ, ಫೋನನ್ನು ಗಣಿತದ ಸರ್‌ಗೆ ಕೊಡಿ ಅಂತ ಹಟ ಹಿಡಿಯುತ್ತಿದ್ದ. ಅವಳು ಎರಡು ನಿಮಿಷ ಸುಮ್ಮನಿದ್ದು, “ಸರ್ ಹೊರಗೆ ಹೋಗಿದ್ದಾರೆ, ನನಗೇ ಹೇಳು” ಅನ್ನುತ್ತಿದ್ದಳು. ತ್ರಿಕೋನಮಿತಿ ಮುಗಿಯುವಷ್ಟರಲ್ಲಿ ಮಾರುತಗಳು, ಮಾರುತಗಳು ಮುಗಿಯುವಷ್ಟರಲ್ಲಿ ಸಮಾಸ. ಸಂಜೆಯ ಹೊತ್ತಿಗೆ ಗಂಟಲ ಪಸೆ ಆರಿ, ಒಳಗಿನ ಮಾತೂ ಒಣಗಿರುತ್ತಿತ್ತು.

ಪರೀಕ್ಷೆಗೆ ಇನ್ನು ಹದಿನೆಂಟು ದಿನ ಇರುವಾಗ, ಅಂಥ ಒಂದು ಸಂಜೆ ನಾಲ್ಕೂ ಮುಕ್ಕಾಲಿಗೆ ಒಬ್ಬ ಹುಡುಗಿ ಫೋನ್ ಮಾಡಿದಳು. ದನಿ ಸಣ್ಣದು, ಅವಸರವಿಲ್ಲ.

“ಮಿಸ್, ವಿಜ್ಞಾನದ ಗೈಡಲ್ಲಿ ನೂರಾ ಹದಿನಾಲ್ಕನೇ ಪುಟ. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರೋ ನಾಳ ಯಾವುದು ಅಂತ ಇದೆ. ನೀವು ಅಪಧಮನಿ ಅಂತ ಕೊಟ್ಟಿದ್ದೀರ. ಅದು ಅಭಿಧಮನಿ ಆಗಬೇಕಲ್ವಾ?”

ಅದು ಅವತ್ತಿನ ಐವತ್ತನೆಯದೋ ಅರವತ್ತನೆಯದೋ ಕರೆ. ಕೆಳಗೆ ಗಾಳಿ ಯಂತ್ರ ಗುಡುಗುಡು ಅನ್ನುತ್ತಿತ್ತು. ಅವಳು ಪುಟ ತಿರುಗಿಸಿಯೂ ನೋಡಲಿಲ್ಲ.

“ನೋಡಮ್ಮ, ಪರೀಕ್ಷೆ ಹತ್ತಿರ ಬಂದಾಗ ಹೊಸದಾಗಿ ತಲೆ ಓಡಿಸಬೇಡ. ಗೈಡಲ್ಲಿ ಇರೋದನ್ನೇ ಬರಿ, ಅಂಕ ಸಿಗುತ್ತೆ.”

“ಆದ್ರೆ ಚಿತ್ರದಲ್ಲಿ ಬಾಣ…”

“ಇರೋದನ್ನೇ ಬರಿ ಅಂದ್ನಲ್ಲ.” ಫೋನು ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಟೀ ಕುಡಿಯುತ್ತ ಯಾಕೋ ಕೈ ಆ ಪುಟಕ್ಕೆ ಹೋಯಿತು. ಓದಿದವಳು ಲೋಟ ಕೆಳಗಿಟ್ಟಳು. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಒಳ್ಳೆಯ ರಕ್ತ ಅಂದರೆ ಅಪಧಮನಿ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಶ್ವಾಸಕೋಶದ ಹತ್ತಿರ ಮಾತ್ರ ಅದು ತಿರುಗಾಮುರುಗ, ಅದಕ್ಕೇ ಆ ಪ್ರಶ್ನೆ ಕೇಳುವುದು. ಮೂರು ವರ್ಷ ಕಪ್ಪುಹಲಗೆ ಮೇಲೆ ನೀಲಿ ಕೆಂಪು ಸೀಮೆಸುಣ್ಣ ಹಿಡಿದು ಅದನ್ನೇ ಹೇಳಿಕೊಟ್ಟಿದ್ದವಳು ಅವಳು.

“ಅಣ್ಣಾ, ಏನು ಮಾಡಿಟ್ಟಿದ್ದೀಯ?” ಅಂತ ಟೈಪಿಸ್ಟ್ ಅಣ್ಣನ ಮೇಜಿಗೆ ಗೈಡನ್ನು ಹಾಕಿದಳು. “ಅಭಿ ಹೋಗಿ ಅಪ ಆಗಿದೆ. ಸ್ವಲ್ಪ ಕಣ್ಣು ಬಿಟ್ಟು ಹೊಡೀಬಾರದಾ?”

ಟೈಪಿಸ್ಟ್ ಅಣ್ಣ ಇಪ್ಪತ್ತಾರು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದ ಮನುಷ್ಯ. ಅವನಿಗೆ ಸಿಟ್ಟು ಬರುವುದನ್ನು ಯಾರೂ ನೋಡಿರಲಿಲ್ಲ. ಎದ್ದು ಕಪಾಟಿನ ಕೆಳಗಿನಿಂದ ಒಂದು ಕಟ್ಟು ಎಳೆದ, ದಾರ ಬಿಚ್ಚಿದ, ಹಾಳೆ ಹುಡುಕಿ ಅವಳ ಮುಂದೆ ಇಟ್ಟ. ಅವಳದೇ ಕೈಬರಹ. ಮೊದಲು ‘ಅಭಿಧಮನಿ’ ಎಂದು ಸರಿಯಾಗಿಯೇ ಬರೆದಿದ್ದಳು. ಆಮೇಲೆ ಅದನ್ನು ಹೊಡೆದುಹಾಕಿ ಮೇಲೆ ‘ಅಪಧಮನಿ’ ಎಂದು ದುಂಡಗೆ ತಿದ್ದಿದ್ದಳು. ಯಾವಾಗ, ಯಾವ ಗಳಿಗೆಯಲ್ಲಿ, ಎಷ್ಟು ನೆನೆದರೂ ನೆನಪಾಗಲಿಲ್ಲ.

“ನೀವು ಬರೆದದ್ದನ್ನ ಹೊಡೀತೀನಿ ಮಿಸ್, ನಾನು ರಕ್ತದ ಡಾಕ್ಟರ್ ಅಲ್ಲ” ಅಂದ ಅಣ್ಣ. ಆ ಮಾತಿನಲ್ಲಿ ಕುಹಕವೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಯಜಮಾನರು ಒಳಗಿನ ಕೋಣೆಯಲ್ಲಿ ಹೊಸ ಮುಖಪುಟದ ಬಣ್ಣ ನೋಡುತ್ತಿದ್ದರು.

“ಈ ತಪ್ಪನ್ನ ತಿದ್ದಿ ಒಂದು ತಪ್ಪೋಲೆ ಅಚ್ಚು ಹಾಕಿಸಿ ಎಲ್ಲ ಅಂಗಡಿಗೆ ಕಳಿಸಬೇಕು” ಅಂದಳು.

“ಎಷ್ಟು ಅಂಕದ ಪ್ರಶ್ನೆ?”

“ಒಂದು.”

“ಒಂದು!” ಅವರು ಕನ್ನಡಕದ ಮೇಲಿಂದ ನೋಡಿದರು. “ಮಿಸ್, ಒಂದು ಅಂಕಕ್ಕೆ ತಪ್ಪೋಲೆ ಹಾಕಿದ್ರೆ ಜನ ಏನಂತಾರೆ? ಹೇಳಿದ್ದು ಒಂದು, ಹೇಳದೇ ಇರೋದು ಎಷ್ಟೋ ಅಂತಾರೆ. ಪುಸ್ತಕ ಹೋಗಿದ್ದು ಹೋಯ್ತು. ಮುಂದಿನ ಸಲ ತಿದ್ದೋಣ ಬಿಡಿ.”

“ಮುಂದಿನ ಸಲ ಬರೆಯೋರು ಬೇರೆ ಮಕ್ಕಳು ಸರ್.”

“ಅವರಿಗಾದ್ರೂ ಸರಿಯಾಗಿರುತ್ತಲ್ಲ” ಅಂದು ಅವರು ಮತ್ತೆ ಬಣ್ಣಕ್ಕೆ ಇಳಿದರು.

ಅವಳು ಸುಮ್ಮನಾಗಲಿಲ್ಲ. ಅಣ್ಣನ ಕೈಲಿ ಬೆರಳುದ್ದದ ಚೀಟಿ ಹೊಡೆಸಿ, ಕತ್ತರಿಯಿಂದ ಕತ್ತರಿಸಿ, ಎರಡು ಸಂಜೆ ಪುಸ್ತಕದ ಅಂಗಡಿಗಳಿಗೆ ತಾನೇ ಅಲೆದಳು. ಮೊದಲನೇ ಅಂಗಡಿಯವನು ಚೀಟಿಗಳನ್ನು ಅಂಟಿನ ಡಬ್ಬಿಯ ಕೆಳಗೆ ಇಟ್ಟು, “ಕೊಡ್ತೀನಿ ಕೊಡ್ತೀನಿ” ಅಂದ. ಎರಡನೇ ಅಂಗಡಿಯವನು, “ಗೈಡ್ ವಾಪಸ್ ತಗೋತೀರಾ ಅಂತ ಕೇಳಿದ್ರೆ ಏನು ಹೇಳ್ಲಿ?” ಅಂತ ಚೀಟಿಯನ್ನು ಮುಟ್ಟಲೇ ಇಲ್ಲ. ಎರಡು ದಿನ ಬಿಟ್ಟು ಹೋದಾಗ ಮೊದಲನೇ ಅಂಗಡಿಯಲ್ಲಿ ಚೀಟಿಯ ಹಿಂಬದಿಯಲ್ಲಿ ಯಾರೋ ಪೆನ್ನಿನ ಮೊನೆ ಓಡಿಸಿ ನೋಡಿದ್ದರು.

ಮನೆಯ ದಾರಿಯಲ್ಲಿ ಒಂದು ಪ್ರೌಢಶಾಲೆ ಇತ್ತು. ಅಲ್ಲಿನ ಹೆಡ್‌ಮಾಸ್ಟರು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

“ಗೈಡ್ ಓದಬೇಡಿ ಅಂತ ನಾವು ವರ್ಷವಿಡೀ ಹೇಳ್ತೀವಿ. ಈಗ ಗೈಡಲ್ಲಿ ತಪ್ಪಿದೆ ಅಂತ ನಾವೇ ಹೇಳಿದ್ರೆ, ಮಕ್ಕಳು ಗೈಡ್ ಓದ್ತಿರೋದು ನಮಗೆ ಗೊತ್ತು ಅಂತ ಆಗುತ್ತಲ್ಲಮ್ಮ?”

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಫೋನ್ ಮಾಡಿದ ಪ್ರತಿ ಮಗುವಿಗೂ ಕೊನೆಯಲ್ಲಿ, “ನೂರಾ ಹದಿನಾಲ್ಕನೇ ಪುಟ ತಿದ್ಕೊ” ಅನ್ನತೊಡಗಿದಳು. “ಅದು ಬರುತ್ತಾ ಮಿಸ್?” ಅನ್ನುತ್ತಿದ್ದರು. “ಬರುತ್ತೆ ಅಂತಲ್ಲ, ತಪ್ಪಾಗಿದೆ.” “ಬರಲ್ಲ ಅಂದ್ರೆ ಬಿಡಿ ಮಿಸ್.” ಆ ಸಣ್ಣ ದನಿಯ ಹುಡುಗಿ ಮತ್ತೆ ಮಾಡುತ್ತಾಳೇನೋ ಎಂದು ಫೋನು ಹೊಡೆದಾಗಲೆಲ್ಲ ಅಣ್ಣನಿಗಿಂತ ಮೊದಲು ಓಡಿ ಎತ್ತುತ್ತಿದ್ದಳು. ಮಾಡಲಿಲ್ಲ. ಮಾಡುತ್ತಾಳೆ ಯಾಕೆ? ಒಮ್ಮೆ ಬಾಯಿಗೆ ಬೀಗ ಹಾಕಿದ ಕಡೆಗೆ ಯಾರು ಮತ್ತೆ ಹೋಗುತ್ತಾರೆ?

“ಒಂದಕ್ಷರಕ್ಕೆ ಊಟ ಬಿಡ್ತಾರೇನೇ?” ಅಂದರು ಅತ್ತೆ, ಅವಳ ತಟ್ಟೆಯಲ್ಲಿ ಉಳಿದಿದ್ದ ಅನ್ನ ನೋಡಿ. ಮಗ ತೀರಿಹೋದ ಮೇಲೂ ಸೊಸೆಯ ಜೊತೆಯಲ್ಲೇ ಉಳಿದ ಹೆಂಗಸು, ಒಂದು ಕಾಲದಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. “ನಾವು ಎಷ್ಟು ಮಕ್ಕಳ ಕೈಗೆ ತಪ್ಪು ಹೆಸರಿನ ಪಟ್ಟಿ ಕಟ್ಟಿ, ಆಮೇಲೆ ಓಡಿ ಹೋಗಿ ಬದಲಾಯಿಸಿದ್ದೀವಿ ಗೊತ್ತಾ?”

“ನೀವು ಓಡಿ ಹೋಗಿ ಬದಲಾಯಿಸಿದ್ರಿ ಅತ್ತೆ. ನಾನು ಓಡ್ತಾನೇ ಇದ್ದೀನಿ.”

ವಿಜ್ಞಾನ ಪರೀಕ್ಷೆಯ ದಿನ ಮಧ್ಯಾಹ್ನ ಅಣ್ಣ ಪ್ರಶ್ನೆಪತ್ರಿಕೆ ತಂದ. ಒಂಬತ್ತನೇ ಪ್ರಶ್ನೆಯ ಮೇಲೆ ಬೆರಳಿಟ್ಟ. ಶ್ವಾಸಕೋಶದಿಂದ ಹೃದಯಕ್ಕೆ ಆಮ್ಲಜನಕಯುಕ್ತ ರಕ್ತವನ್ನು ತರುವ ರಕ್ತನಾಳವನ್ನು ಹೆಸರಿಸಿ.

ಯಜಮಾನರು ಮಾತ್ರ ಖುಷಿಯಾಗಿದ್ದರು. ನಮ್ಮ ಗೈಡಿನಿಂದ ಮೂವತ್ತೆರಡು ಪ್ರಶ್ನೆ ನೇರವಾಗಿ ಬಂದಿವೆ ಅಂತ ಜಾಹೀರಾತಿಗೆ ಲೆಕ್ಕ ಹಾಕುತ್ತಿದ್ದರು. ಆ ಮೂವತ್ತೆರಡರಲ್ಲಿ ಇದೂ ಒಂದಾಗಿತ್ತು.

ನಾಲ್ಕು ದಿನದ ಮೇಲೆ ಪರೀಕ್ಷಾ ಮಂಡಳಿ ಮಾದರಿ ಉತ್ತರಗಳನ್ನು ಹೊರಗೆ ಬಿಟ್ಟಿತು. ಅಣ್ಣನ ಕಂಪ್ಯೂಟರಿನಲ್ಲಿ ಅವಳೇ ತೆರೆದು ನೋಡಿದಳು. ಒಂಬತ್ತು: ಶ್ವಾಸಕೋಶದ ಅಪಧಮನಿ. ಒಂದು ಅಂಕ.

ಮೊದಲು ತನ್ನ ಕಣ್ಣನ್ನೇ ನಂಬಲಿಲ್ಲ, ಓದುವ ಕನ್ನಡಕ ಒರೆಸಿ ಹಾಕಿಕೊಂಡಳು. ಆಮೇಲೆ ಕೆಳಗಿನ ಉತ್ತರಗಳನ್ನೂ ಓದಿದಳು. ಆ ಉತ್ತರ ಬರೆದವರು ಪಠ್ಯಪುಸ್ತಕ ನೋಡಿ ಬರೆದಿರಲಾರರು. ಪಕ್ಕದಲ್ಲಿ ಯಾವ ಪುಸ್ತಕ ಇಟ್ಟುಕೊಂಡಿದ್ದರೋ ಅದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಮುಂದಿನ ಎರಡು ಉತ್ತರಗಳ ವಾಕ್ಯ ಪೂರ್ತಿ ಅವಳದೇ ಆಗಿತ್ತು, ಅವಳು ಹಾಕುವ ಅಲ್ಪವಿರಾಮದ ಸಮೇತ.

“ಅಂದ್ರೆ ಈಗ ನಮ್ಮ ಗೈಡೇ ಸರಿ ಆಯ್ತಲ್ಲ ಮಿಸ್!” ಅಂದರು ಯಜಮಾನರು. “ನಮ್ಮದು ನೋಡಿ ಬರೆದೋರಿಗೆ ಅಂಕ ಸಿಕ್ತು. ಇನ್ನೇನು ಬೇಕು?”

“ಸರಿಯಾಗಿ ಬರೆದೋರಿಗೆ ಹೋಯ್ತಲ್ಲ ಸರ್!”

ದನಿ ಎಷ್ಟು ಏರಿತ್ತೆಂದರೆ ಕೆಳಗಿನ ಟೈರಿನವನು ಯಂತ್ರ ನಿಲ್ಲಿಸಿ ಮೇಲೆ ನೋಡಿದ.

ಮೂರು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂದು ಮಂಡಳಿ ಹೇಳಿತ್ತು. ಅವಳು ಮರುದಿನವೇ ಪಠ್ಯಪುಸ್ತಕದ ಪುಟದ ಪ್ರತಿ ತೆಗೆಸಿ ಅಲ್ಲಿಗೆ ಹೋದಳು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಅರ್ಜಿಯನ್ನು ತಿರುಗಿಸಿ ನೋಡಿದ.

“ನೋಂದಣಿ ಸಂಖ್ಯೆ ಎಲ್ಲಿ?”

“ನಾನು ವಿದ್ಯಾರ್ಥಿ ಅಲ್ಲ. ಆದ್ರೆ ತಪ್ಪು ತಪ್ಪೇ ತಾನೆ?”

“ವಿದ್ಯಾರ್ಥಿ ಹಾಕಬೇಕು, ಇಲ್ಲ ಪೋಷಕರು, ಇಲ್ಲ ಶಾಲೆ. ನೀವು ಯಾರು?”

ಆ ಉತ್ತರ ಕೆಡಿಸಿದವಳು ನಾನು ಅನ್ನಬೇಕು ಎಂದು ನಾಲಿಗೆಯ ತುದಿಗೆ ಬಂತು. ಹಿಂದೆ ನಿಂತಿದ್ದವರು ಬೇಗ ಬೇಗ ಅಂದರು, ಗುಮಾಸ್ತ ಅರ್ಜಿ ಹೊರಗೆ ತಳ್ಳಿದ.

ಹೆಡ್‌ಮಾಸ್ಟರ ಹತ್ತಿರ ಮತ್ತೆ ಹೋದಳು. “ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಅದನ್ನೇ ಬರೆದಿದ್ದಾರೆ. ನಾನೇ ಅರ್ಜಿ ಹಾಕಿ ಅವರ ಅಂಕ ಕಳೀಲಾ?” ಅಂದರು ಅವರು. ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ, ಆದರೆ ಅವಳಿಗೆ ಅರ್ಥವಾಯಿತು. ಕಳೆದುಕೊಳ್ಳುವುದಕ್ಕೆ ಅರ್ಜಿ ಹಾಕುವವರು ಯಾರು?

ಎರಡನೇ ದಿನ ಮಧ್ಯಾಹ್ನ ಫೋನು ಹೊಡೆಯಿತು.

“ಮಿಸ್, ನಾನು ಒಂದ್ಸಲ ಮಾಡಿದ್ದೆ. ಅಪಧಮನಿ ಅಭಿಧಮನಿ…”

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಹೇಳಮ್ಮ. ನೀನು ಹೇಳಿದ್ದೇ ಸರಿ. ನಾನು ಅವತ್ತು ನೋಡದೆ ಮಾತಾಡಿದೆ. ನನ್ನದು ತಪ್ಪಾಯ್ತು.”

ಹಾಗಂದವಳೇ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು.

“ನೀನು ಪರೀಕ್ಷೇಲಿ ಏನು ಬರೆದೆ?”

“ನೀವು ಹೇಳಿದ್ದೇ ಬರೆದೆ ಮಿಸ್.”

ಅವಳು ಗೋಡೆಯ ಮೇಲೆ ಸುಣ್ಣ ಎದ್ದಿದ್ದ ಒಂದು ಜಾಗವನ್ನೇ ನೋಡುತ್ತಿದ್ದಳು.

“ಮೊದಲು ಅಭಿಧಮನಿ ಅಂತಾನೇ ಬರೆದಿದ್ದೆ” ಅಂದಳು ಹುಡುಗಿ. “ಆಮೇಲೆ ಹೊಡೆದುಹಾಕಿದೆ. ಈಗ ಮಾದರಿ ಉತ್ತರದಲ್ಲೂ ಅಪಧಮನಿ ಅಂತಾನೇ ಇದೆ. ಹಾಗಾದ್ರೆ ನಾನೇ ತಪ್ಪಾಗಿ ತಿಳ್ಕೊಂಡಿದ್ನಾ ಅಂತ ಕೇಳೋಣ ಅಂತ ಮಾಡಿದೆ.”

“ಇಲ್ಲ ಕಣೆ. ನಿನಗೆ ಗೊತ್ತಿದ್ದದ್ದೇ ಸರಿ. ಅವರದೂ ತಪ್ಪು, ನನ್ನದೂ ತಪ್ಪು.”

“ಮತ್ತೆ ಯಾರೂ ಹೇಳಲ್ವಾ ಅವರಿಗೆ?”

ಆ ಹುಡುಗಿಗೆ ಅವಳು ಎಲ್ಲವನ್ನೂ ಹೇಳಿದಳು. ಅರ್ಜಿ, ಕಿಟಕಿ, ನೋಂದಣಿ ಸಂಖ್ಯೆ. ಅರ್ಜಿ ಹಾಕಿದವರಿಗೆ ಅಂಕ ಹೋಗಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ನೀನು ಹಾಕು ಅಂತ ಮಾತ್ರ ಕೇಳಲಿಲ್ಲ. ಕೇಳುವ ಮುಖವೇ ಇರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗಿ ತಾಯಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ತೆಳ್ಳಗೆ ಉದ್ದಕ್ಕೆ ಇದ್ದಳು, ಬೆರಳ ತುದಿಯಲ್ಲಿ ಶಾಯಿ. ತಾಯಿ ದರ್ಜಿ, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಕೆಲಸ ಬಿಟ್ಟು ಬಂದ ಕೋಪ ಮುಖದ ಮೇಲಿತ್ತು.

“ನೀವೇನಾ ಆ ಮಿಸ್?” ಅಂದಳು ಆಕೆ, ಕೂರದೆ. “ಗೈಡ್ ಬರೆದು ತಪ್ಪು ಮಾಡಿದ್ದು ನೀವು. ಕೇಳಿದ್ರೆ ಫೋನ್ ಕುಕ್ಕಿದ್ದು ನೀವು. ಈಗ ಅಂಕ ಕಳ್ಕೊಳ್ಳೋಕೆ ನನ್ನ ಮಗಳು ಬೇಕಾ?”

“ನಾನು ಹಾಕು ಅಂತ ಹೇಳಿಲ್ಲ…”

“ಹೇಳ್ದೇ ಇದ್ರೂ ಅವಳ ತಲೇಲಿ ಹುಳ ಬಿಟ್ಟಿದ್ದೀರಲ್ಲ! ನಿನ್ನೆ ರಾತ್ರಿ ಊಟದ ಹೊತ್ತಲ್ಲೂ ಇದೇ ಜಪ. ಇವಳು ಓದೋಕೆ ಸೇರಬೇಕು ಅಂತಿರೋ ಕಾಲೇಜಲ್ಲಿ ಒಂದು ಅಂಕಕ್ಕೆ ಎಷ್ಟು ಜನ ನಿಂತಿರ್ತಾರೆ ಗೊತ್ತೇನ್ರಿ?”

ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಅವಳ ಬದುಕೇ ಆ ಒಂದೊಂದು ಅಂಕದ ಮೇಲೆ ನಿಂತಿತ್ತು.

“ಅಮ್ಮ, ಸರಿಯಾಗಿ ಬರೆದೋರೂ ಅದೇ ಸಾಲಲ್ಲಿ ನಿಂತಿರ್ತಾರಲ್ಲ” ಅಂದಳು ಹುಡುಗಿ. ಜೋರಾಗಿ ಹೇಳಲಿಲ್ಲ. “ನನ್ನ ಪಕ್ಕದ ಬೆಂಚಿನವಳು ಸರಿಯಾಗಿ ಬರೆದಿದ್ದಾಳೆ. ಅವಳು ಗೈಡ್ ತಗೊಂಡಿರ್ಲಿಲ್ಲ.”

“ಹಾಗಾದ್ರೆ ಅವಳೇ ಹಾಕ್ಲಿ!”

“ಅವಳಿಗೆ ತಾನೇ ತಪ್ಪು ಅಂತ ಅನ್ನಿಸಿದೆ. ಅಳ್ತಾ ಕೂತಿದ್ದಾಳೆ.”

ತಾಯಿ ಮಗಳನ್ನು ನೋಡಿದಳು, ಅಣ್ಣನನ್ನು ನೋಡಿದಳು, ಕೊನೆಗೆ ಅವಳನ್ನು ನೋಡಿದಳು. ಅಣ್ಣ ಎದ್ದು ತನ್ನ ಕುರ್ಚಿಯನ್ನು ತಳ್ಳಿಕೊಟ್ಟ. ಆಕೆ ಕೂತು, ಅರ್ಜಿ ಎಳೆದುಕೊಂಡು, ಪೋಷಕರ ಜಾಗದಲ್ಲಿ ಕಾಗದ ಹರಿಯುವಂತೆ ಸಹಿ ಒತ್ತಿದಳು.

“ನನ್ನ ಮಗಳಿಗೆ ಸೀಟು ತಪ್ಪಿದ್ರೆ ಇದೇ ಮೆಟ್ಟಿಲು ಹತ್ತಿ ಬರ್ತೀನಿ. ಅವತ್ತು ಕುರ್ಚಿ ಕೊಟ್ರೂ ಕೂರಲ್ಲ.”

ಮೂವರೂ ಆಟೋದಲ್ಲಿ ಮಂಡಳಿಗೆ ಹೋದರು. ಅದೇ ಗುಮಾಸ್ತ. ಈ ಸಲ ನೋಂದಣಿ ಸಂಖ್ಯೆ ನೋಡಿ ಮುದ್ರೆ ಒತ್ತಿದ. “ಆಹಾ, ವಿದ್ಯಾರ್ಥಿ ಸಿಕ್ಕಿದ್ರಾ” ಅಂದ. ಅವಳು ರಸೀದಿ ತಗೊಂಡು ಹುಡುಗಿಯ ಕೈಗೆ ಕೊಟ್ಟಳು.

ಒಂದು ವಾರ ಕಳೆದ ಮೇಲೆ ತಿದ್ದಿದ ಮಾದರಿ ಉತ್ತರ ಬಂತು. ಒಂಬತ್ತು: ಶ್ವಾಸಕೋಶದ ಅಪಧಮನಿ ಅಥವಾ ಅಭಿಧಮನಿ. ಎರಡರಲ್ಲಿ ಯಾವುದನ್ನು ಬರೆದಿದ್ದರೂ ಒಂದು ಅಂಕ ನೀಡುವುದು.

ಅವಳು ಅದನ್ನು ಮೂರು ಸಲ ಓದಿದಳು. ಯಾರಿಗೂ ಅಂಕ ಹೋಗಲಿಲ್ಲ. ಸರಿ ಬರೆದವರಿಗೂ ಸಿಕ್ಕಿತು. ನೆಮ್ಮದಿಯಾಗಬೇಕಿತ್ತು. ಆದರೆ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಗೋಡೆಗೆ ಎಸೆದಳು. ಅಣ್ಣ ಎದ್ದು ಹೋಗಿ ಎತ್ತಿಕೊಂಡು ಬಂದು, ಮೊನೆ ನೋಡಿ, ಮುಚ್ಚಳ ಹಾಕಿ ಇಟ್ಟ.

ಹುಡುಗಿ ಸಂಜೆ ಫೋನ್ ಮಾಡಿದಳು. “ನೋಡಿದ್ರಾ ಮಿಸ್?”

“ನೋಡಿದೆ. ನಿನ್ನ ಅಂಕ ಉಳೀತು.”

“ಅಮ್ಮನಿಗೆ ಖುಷಿ. ನನಗೆ…” ಹುಡುಗಿಯ ದನಿ ಮೊದಲ ಸಲ ಬಿರುಸಾಯಿತು. “ರಕ್ತ ಎರಡು ಕಡೆಯಿಂದಲೂ ಬರುತ್ತಾ ಮಿಸ್? ಇದೇನು ರಸ್ತೇನಾ? ತಪ್ಪು ಅಂತ ಒಂದು ಮಾತು ಹೇಳೋಕೆ ಅವರಿಗೇನು ಕಷ್ಟ?”

ಅವಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಕಷ್ಟ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣನ ಮೇಜಿಗೆ ಗೈಡ್ ಹಾಕಿದ ಬೆಳಿಗ್ಗೆಯಿಂದ ಇವತ್ತಿನವರೆಗೆ, ಹಾಗೆ ಬೈದದ್ದಕ್ಕೆ ಅವನಿಗೆ ಅವಳೂ ಆ ಒಂದು ಮಾತು ಹೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಹೇಳಿದಳು. “ಅದಕ್ಕೇನು ಬಿಡಿ ಮಿಸ್” ಅಂದ ಅಣ್ಣ, ಟೈಪ್ ಮಾಡುವುದನ್ನು ನಿಲ್ಲಿಸದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಹೊಸ ಗೈಡಿನ ಕೆಲಸ ಶುರುವಾಯಿತು. ಯಜಮಾನರು ನೂರಾ ಹದಿನಾಲ್ಕನೇ ಪುಟಕ್ಕೆ ಕೆಂಪು ಚೀಟಿ ಅಂಟಿಸಿ ಕಳಿಸಿದ್ದರು. ‘ಮಂಡಳಿ ಪ್ರಕಾರ ಎರಡೂ ಕೊಡಿ.’

ಅವಳು ಒಳಗೆ ಹೋದಳು. “ಎರಡೂ ಕೊಡಲ್ಲ ಸರ್.”

“ಮಿಸ್, ಮಂಡಳಿಯವರೇ ಕೊಟ್ಟಿದ್ದಾರೆ. ನೀವು ಅವರಿಗಿಂತ ದೊಡ್ಡೋರಾ?”

“ಎರಡೂ ಬೇಕಾದ್ರೆ ಬೇರೆಯವರ ಕೈಲಿ ಬರೆಸಿ. ತಂಡ ಇದೆಯಲ್ಲ ನಮ್ಮದು.”

ಯಜಮಾನರು ಅವಳ ಮುಖ ನೋಡಿದರು. ಭೂಗೋಳ, ವ್ಯಾಕರಣ, ಗಣಿತ, ಅಷ್ಟನ್ನೂ ಬರೆಯುವ ಇನ್ನೊಬ್ಬರನ್ನು ಹುಡುಕುವುದು ಅವರ ಕಣ್ಣ ಮುಂದೆ ಹಾದುಹೋಗಿರಬೇಕು. “ಅಭಿಧಮನಿ ಮಾತ್ರ ಹಾಕಿ, ಹೋಗಿ” ಅಂದರು, ನೊಣ ಓಡಿಸುವಂತೆ ಕೈ ಬೀಸಿ.

ಹುಡುಗಿಗೆ ಬೇಕಾದ ಕಾಲೇಜು ಸಿಕ್ಕಿತು. ತಾಯಿ ಮೆಟ್ಟಿಲು ಹತ್ತಿ ಬರಲಿಲ್ಲ, ಸಿಟ್ಟಿಗೂ ಇಲ್ಲ, ಸಂತೋಷಕ್ಕೂ ಇಲ್ಲ.

ಮಿಸ್ ಮಾತ್ರ ಫೋನಿನಲ್ಲಿ ಮಾತಾಡುವ ರೀತಿ ಬದಲಾಯಿಸಿಕೊಂಡಳು. ಯಾವ ಮಗು ಏನೇ ಕೇಳಲಿ, “ನಿನಗೇನು ಅನ್ನಿಸುತ್ತೆ, ಮೊದಲು ಹೇಳು” ಅನ್ನುತ್ತಿದ್ದಳು. ಮಕ್ಕಳಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ. ಉತ್ತರ ಕೇಳೋಕೆ ಮಾಡಿದ್ರೆ ಅವರೇ ಪ್ರಶ್ನೆ ಕೇಳ್ತಾರೆ ಎಂದು ಅಂಗಡಿಯವರ ಮೂಲಕ ದೂರು ಬಂತು. ಯಜಮಾನರು ಎರಡು ಸಲ ಕರೆದು ಹೇಳಿದರು. ಅವಳು ಹೂಂ ಅಂದಳು, ಬಿಡಲಿಲ್ಲ.

“ಮಿಸ್, ಚಂದ್ರಗ್ರಹಣ ಯಾವಾಗ ಆಗುತ್ತೆ, ಹುಣ್ಣಿಮೇಲಾ ಅಮಾವಾಸ್ಯೇಲಾ?” ಒಬ್ಬ ಹುಡುಗ ಕೇಳಿದ.

“ನಿನಗೇನು ಅನ್ನಿಸುತ್ತೆ?”

“ನನಗೇನೂ ಅನ್ನಿಸಲ್ಲ ಮಿಸ್. ನೀವು ಹೇಳಿ, ಬರ್ಕೊತೀನಿ.”

“ಸೂರ್ಯ ಎಲ್ಲಿದ್ದಾನೆ, ಭೂಮಿ ಎಲ್ಲಿದೆ, ಒಂದು ಗೆರೆ ಎಳೆದು ನೋಡು.”

“ಗೆರೆ ಎಲ್ಲ ಎಳೆಯೋಕೆ ಟೈಮಿಲ್ಲ ಮಿಸ್, ಇನ್ನೂ ಎರಡು ಪಾಠ ಇದೆ.”

“ಇರು, ಫೋನ್ ಇಡಬೇಡ…”

ಇಟ್ಟುಬಿಟ್ಟಿದ್ದ. ಅವಳು ರಿಸೀವರನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು, ಆಮೇಲೆ ಜಾಗಕ್ಕಿಟ್ಟು, ಅರ್ಧಕ್ಕೆ ನಿಂತಿದ್ದ ಸಮಾಸದ ಪುಟವನ್ನು ಮುಂದಕ್ಕೆಳೆದುಕೊಂಡಳು.